ವಾಕ್ ಮತ್ತು ಭಾಷಾ ದೋಷಗಳು: ಸ್ನಾತಕೋತ್ತರ ಸಂಶೋಧನೆ ಹಾಗೂ ಕನ್ನಡದ ಪರೀಕ್ಷಾ ಸಾಧನಗಳು

ಪೀಠಿಕೆ

ಮಾತನಾಡುವುದು, ಇತರರ ಮಾತನ್ನು ಅರ್ಥ ಮಾಡಿಕೊಳ್ಳುವುದು, ಓದುವುದು ಮತ್ತು ಬರೆಯುವುದು, ಇವುಗಳಲ್ಲಿ ಯಾವುದೇ ಒಂದಕ್ಕೆ ಅಡಚಣೆ ಉಂಟಾದಲ್ಲಿ ಅದನ್ನು ಸಂವಹನ ದೋಷವೆಂದು ಪರಿಗಣಿಸಲಾಗುತ್ತದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಒಟ್ಟು 2.68 ಕೋಟಿ ವಿಕಲಚೇತನರಿದ್ದು, ಇವರಲ್ಲಿ 50.71 ಲಕ್ಷ ಮಂದಿ ಶ್ರವಣ ದೋಷವುಳ್ಳವರು ಹಾಗೂ 19.98 ಲಕ್ಷ ಮಂದಿ ವಾಕ್ ದೋಷವುಳ್ಳವರಾಗಿರುತ್ತಾರೆ.

ಸಂವಹನ ದೋಷಗಳ ಚಿಕಿತ್ಸೆಯು ಪರೀಕ್ಷೆಯಿಂದ ಆರಂಭವಾಗುತ್ತದೆ. ರಕ್ತ ಪರೀಕ್ಷೆ ಅಥವಾ ಕ್ಷ-ಕಿರಣ ಪರೀಕ್ಷೆಯನ್ನು ಯಾವ ದೇಶದಲ್ಲಿ ರೂಪಿಸಿದ್ದರೂ ಬೇರೆಡೆ ಬಳಸಬಹುದು. ಆದರೆ ಭಾಷೆಯ ಪರೀಕ್ಷೆಯನ್ನು ಹಾಗೆ ಬಳಸಲು ಬರುವುದಿಲ್ಲ. ಕನ್ನಡ ಮಾತನಾಡುವ ವ್ಯಕ್ತಿಯ ದೋಷವನ್ನು ಅಳೆಯಲು ಕನ್ನಡದಲ್ಲಿಯೇ ಸಿದ್ಧಪಡಿಸಿದ ಸಾಧನ ಅಗತ್ಯ. ಇಂತಹ ಸಾಧನಗಳು ಬಹುಮಟ್ಟಿಗೆ ಸ್ನಾತಕೋತ್ತರ ಹಾಗೂ ಡಾಕ್ಟರೇಟ್ ವಿದ್ಯಾರ್ಥಿಗಳ ಮತ್ತು ಅವರ ಮಾರ್ಗದರ್ಶಕರ ಸಂಶೋಧನೆಯಿಂದ ದೊರೆತಿರುತ್ತವೆ. ಈ ಬಗ್ಗೆ ಸಾರ್ವಜನಿಕರ ತಿಳುವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಪ್ರಮುಖ ಸಂವಹನ ದೋಷಗಳು

ಅ) ಉಚ್ಚಾರಣಾ ದೋಷ: ಧ್ವನಿಗಳನ್ನು ಬಿಟ್ಟು, ಬದಲಿಸಿ ಅಥವಾ ವಿಕೃತವಾಗಿ ಉಚ್ಚರಿಸುವುದು. ಸೀಳು ತುಟಿ ಹಾಗೂ ಸೀಳು ಅಂಗುಳ ಇರುವ ಮಕ್ಕಳಲ್ಲಿಯೂ ಇದು ಕಂಡುಬರುತ್ತದೆ.
ಆ) ಉಗ್ಗು ಅಥವಾ ತೊದಲುವಿಕೆ: ಮಾತಿನ ಓಟಕ್ಕೆ ತಡೆ ಬರುವುದು, ಧ್ವನಿ ಅಥವಾ ಪದಭಾಗ ಮತ್ತೆ ಮತ್ತೆ ಬರುವುದು.
ಇ) ಧ್ವನಿ ದೋಷ: ಸ್ವರ ಒಡೆಯುವುದು, ಗಂಟಲು ಕಟ್ಟುವುದು, ಧ್ವನಿಯೇ ಹೊರಡದಿರುವುದು. ಶಿಕ್ಷಕರು, ಗಾಯಕರು, ಬೀದಿ ವ್ಯಾಪಾರಿಗಳು ಮುಂತಾಗಿ ಧ್ವನಿಯನ್ನೇ ಅವಲಂಬಿಸಿದ ವೃತ್ತಿಯವರು ಇದಕ್ಕೆ ಸುಲಭವಾಗಿ ಒಳಗಾಗುತ್ತಾರೆ.
ಈ) ಭಾಷಾ ಬೆಳವಣಿಗೆಯ ವಿಳಂಬ: ಶ್ರವಣ ದೋಷ, ಆಟಿಸಂ, ಬೌದ್ಧಿಕ ಅಸಾಮರ್ಥ್ಯ ಇವುಗಳೊಂದಿಗೆ ಅಥವಾ ಬೇರೆ ಕಾರಣ ಗೋಚರಿಸದೆಯೂ ಬರಬಹುದು.
ಉ) ಅಫೇಸಿಯಾ: ಪಾರ್ಶ್ವವಾಯು ಅಥವಾ ತಲೆಗೆ ಬಿದ್ದ ಪೆಟ್ಟಿನಿಂದ ಮೆದುಳಿನ ಭಾಷಾ ಭಾಗಕ್ಕೆ ಹಾನಿಯಾಗಿ, ಮೊದಲು ಇದ್ದ ಭಾಷಾ ಸಾಮರ್ಥ್ಯ ಕುಂದುವುದು.
ಊ) ಕಲಿಕಾ ನ್ಯೂನತೆ: ಬುದ್ಧಿಮಟ್ಟ ಸಹಜವಾಗಿದ್ದರೂ ಓದು, ಬರಹಗಳಲ್ಲಿ ತೊಂದರೆ ಇರುವುದು.

2. ಅಧ್ಯಯನ ಮತ್ತು ಸಂಶೋಧನಾ ಸಂಸ್ಥೆಗಳು

ಈ ಕ್ಷೇತ್ರದ ಪ್ರಮುಖ ಸಂಸ್ಥೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಗೊಂಡಿತು. ಮಾನಸಗಂಗೋತ್ರಿಯಲ್ಲಿರುವ ಈ ಸಂಸ್ಥೆಯು ಭಾರತ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಮಂತ್ರಾಲಯದ ಅಧೀನದಲ್ಲಿದ್ದು, ಇಲ್ಲಿನ ಪದವಿಗಳನ್ನು ಮೈಸೂರು ವಿಶ್ವವಿದ್ಯಾನಿಲಯವು ನೀಡುತ್ತದೆ. ಆರಂಭದಲ್ಲಿ ವಾಕ್ ಮತ್ತು ಶ್ರವಣ ಎಂಬ ಒಂದೇ ಸ್ನಾತಕೋತ್ತರ ಪದವಿ ಇದ್ದು, ನಂತರ ಅದನ್ನು ಶ್ರವಣ ವಿಜ್ಞಾನ ಹಾಗೂ ವಾಕ್-ಭಾಷಾ ರೋಗ ವಿಜ್ಞಾನ ಎಂದು ಎರಡಾಗಿ ವಿಂಗಡಿಸಲಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಈ ವಿಷಯದ ಪ್ರತ್ಯೇಕ ವಿಭಾಗವಿದೆ. ಬೆಂಗಳೂರು, ಮೈಸೂರು, ಮಂಗಳೂರು, ಮಣಿಪಾಲ ಮುಂತಾದೆಡೆ ಇತರ ಕಾಲೇಜುಗಳಲ್ಲಿಯೂ ಶಿಕ್ಷಣ ನೀಡಲಾಗುತ್ತಿದೆ.

ಭಾರತೀಯ ಪುನರ್ವಸತಿ ಪರಿಷತ್ತು ಅಧಿನಿಯಮ, 1992ರ ಅನ್ವಯ ಈ ವೃತ್ತಿಯನ್ನು ಕೈಗೊಳ್ಳುವವರು ಮಾನ್ಯತೆ ಪಡೆದ ಅರ್ಹತೆಯನ್ನು ಹೊಂದಿ, ಪರಿಷತ್ತಿನಲ್ಲಿ ನೋಂದಣಿಯಾಗಿರತಕ್ಕದ್ದು. ಚಿಕಿತ್ಸೆಗೆ ಮೊದಲು ನೋಂದಣಿ ಸಂಖ್ಯೆಯನ್ನು ಕೇಳಿ ತಿಳಿಯಲು ಸಾರ್ವಜನಿಕರಿಗೆ ಯಾವ ಸಂಕೋಚವೂ ಬೇಕಾಗಿಲ್ಲ.

3. ಭಾಷಾಂತರಿಸಿದ ಪರೀಕ್ಷೆ ಏಕೆ ಸಾಲದು

ಇಂಗ್ಲಿಷ್ ಪರೀಕ್ಷೆಯನ್ನು ಕನ್ನಡಕ್ಕೆ ಭಾಷಾಂತರಿಸಿ ಬಳಸಿದಲ್ಲಿ ಎರಡು ಬಗೆಯ ತಪ್ಪುಗಳಾಗುತ್ತವೆ. ದೋಷವಿಲ್ಲದವರಿಗೆ ದೋಷವಿದೆ ಎಂದು ಹೇಳುವುದು ಒಂದು. ದೋಷವಿರುವವರನ್ನು ಸರಿಯಾಗಿದ್ದಾರೆ ಎಂದು ಕಳುಹಿಸುವುದು ಮತ್ತೊಂದು. ಮೊದಲನೆಯದರಿಂದ ಮಗುವಿಗೆ ಅನಗತ್ಯವಾದ ಹಣೆಪಟ್ಟಿ ಅಂಟುತ್ತದೆ. ಎರಡನೆಯದರಿಂದ ಚಿಕಿತ್ಸೆಯ ಅಮೂಲ್ಯ ಕಾಲ ಕಳೆದುಹೋಗುತ್ತದೆ. ಇದಕ್ಕೆ ಕೆಲವು ಉದಾಹರಣೆಗಳು ಈ ಕೆಳಕಂಡಂತಿವೆ:

ಅ) ಬಹುವಚನ: ಇಂಗ್ಲಿಷಿನಲ್ಲಿ ಸಂಖ್ಯೆಯ ನಂತರ ಬಹುವಚನ ಪ್ರತ್ಯಯ ಕಡ್ಡಾಯ. ಕನ್ನಡದಲ್ಲಿ ‘ಎರಡು ಪುಸ್ತಕ’ ಎನ್ನುವುದು ಸಹಜ ಪ್ರಯೋಗ. ಭಾಷಾಂತರಿಸಿದ ಪರೀಕ್ಷೆಯು ಇದನ್ನು ತಪ್ಪೆಂದು ಎಣಿಸುವ ಸಂಭವವಿದೆ. ಇದಕ್ಕೆ ವ್ಯತಿರಿಕ್ತವಾಗಿ ‘ಬಂದನು, ಬಂದಳು, ಬಂದಿತು’ ಎಂಬ ಕ್ರಿಯಾಪದ ರೂಪಗಳಲ್ಲಿ ಮಗು ಎಡವುತ್ತಿದ್ದರೆ, ಇಂತಹ ರೂಪಗಳಿಲ್ಲದ ಇಂಗ್ಲಿಷಿನ ಪರೀಕ್ಷೆಗೆ ಅದು ಕಾಣುವುದೇ ಇಲ್ಲ.

ಆ) ಕರ್ಮಣಿ ಪ್ರಯೋಗ: ಅಫೇಸಿಯಾ ಇರುವವರ ಗ್ರಹಿಕೆಯನ್ನು ಅಳೆಯಲು ಇಂಗ್ಲಿಷಿನಲ್ಲಿ ಕರ್ಮಣಿ ವಾಕ್ಯಗಳನ್ನು ಕೇಳುವ ರೂಢಿಯಿದೆ. ಕನ್ನಡದ ಆಡುಮಾತಿನಲ್ಲಿ ಕರ್ಮಣಿ ಪ್ರಯೋಗ ಅಪರೂಪ. ಆರೋಗ್ಯವಂತರಿಗೂ ಕೃತಕವೆನಿಸುವ ವಾಕ್ಯವು ರೋಗಿಯನ್ನು ಅಳೆಯುವ ಮಾನದಂಡವಾಗಲಾರದು.

ಇ) ಧ್ವನಿ ವ್ಯತ್ಯಾಸ: ‘ಕತೆ’ ಮತ್ತು ‘ಕತ್ತೆ’, ‘ಬಿಡು’ ಮತ್ತು ‘ಬೀಡು’, ‘ಹಲ್ಲಿ’ ಮತ್ತು ‘ಹಳ್ಳಿ’ ಇವುಗಳಲ್ಲಿ ಅರ್ಥವನ್ನು ಬದಲಿಸುವ ದ್ವಿತ್ವ, ದೀರ್ಘ ಹಾಗೂ ಳಕಾರದ ವ್ಯತ್ಯಾಸಗಳನ್ನು ಇಂಗ್ಲಿಷ್ ಪರೀಕ್ಷೆಗಳು ಪರಿಶೀಲಿಸುವುದಿಲ್ಲ.

ಈ) ಪ್ರಾದೇಶಿಕ ಆಡುಮಾತು: ಹಳೆ ಮೈಸೂರು ಭಾಗದ ಗ್ರಾಮೀಣ ಆಡುಮಾತಿನಲ್ಲಿ ಪದದ ಆದಿಯ ಹಕಾರ ಬಿಟ್ಟುಹೋಗಿ ‘ಹಾಲು’ ಎಂಬುದು ‘ಆಲು’ ಆಗುತ್ತದೆ. ಮಹಾಪ್ರಾಣಾಕ್ಷರಗಳು ಅಲ್ಪಪ್ರಾಣವಾಗಿ, ಶಕಾರವು ಸಕಾರವಾಗಿ ಕೇಳಿಬರುವುದೂ ಉಂಟು. ಮನೆಯಲ್ಲಿ ಹಿರಿಯರೆಲ್ಲರೂ ಹೀಗೆಯೇ ಮಾತನಾಡುವಾಗ ಮಗುವಿನ ಉಚ್ಚಾರಣೆಯನ್ನು ದೋಷವೆಂದು ಪರಿಗಣಿಸುವಂತಿಲ್ಲ.

ಉ) ಲಿಪಿ: ಇಂಗ್ಲಿಷ್ ಕಲಿಯುವ ಮಗು 26 ಅಕ್ಷರಗಳನ್ನು ಗುರುತಿಸಿದರೆ ಸಾಕು. ಕನ್ನಡದಲ್ಲಿ ಮೂಲಾಕ್ಷರಗಳೊಂದಿಗೆ ಕಾಗುಣಿತ ಹಾಗೂ ಒತ್ತಕ್ಷರಗಳು ಸೇರಿ ಕಲಿಯಬೇಕಾದ ರೂಪಗಳು ನೂರಾರು ಆಗುತ್ತವೆ. ಡಾ. ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಕನ್ನಡದ ಅಕ್ಷರ ಕಲಿಕೆ ಪ್ರಾಥಮಿಕ ಶಾಲೆಯ ಮೊದಲ ವರ್ಷಗಳನ್ನೂ ಮೀರಿ ಮುಂದುವರಿಯುತ್ತದೆ ಹಾಗೂ ಪದವನ್ನು ಬಿಡಿ ಧ್ವನಿಗಳಾಗಿ ಒಡೆಯುವ ಅರಿವು ನಿಧಾನವಾಗಿ ಮೂಡುತ್ತದೆ ಎಂದು ತೋರಿಸಿತು. ಆದ್ದರಿಂದ ಇಂಗ್ಲಿಷಿನ ವಯೋಮಾನವನ್ನು ಅನುಸರಿಸಿ ಕನ್ನಡ ಮಾಧ್ಯಮದ ಮಗುವಿಗೆ ಕಲಿಕಾ ನ್ಯೂನತೆ ಇದೆ ಎಂದು ನಿರ್ಧರಿಸುವುದು ಸರಿಯಲ್ಲ.

4. ಕನ್ನಡದಲ್ಲಿ ರೂಪುಗೊಂಡ ಕೆಲವು ಸಾಧನಗಳು

ಮೈಸೂರಿನ ಸಂಸ್ಥೆಯ ಪತ್ರಿಕೆಯಲ್ಲಿ 1972ರಲ್ಲಿ ಕನ್ನಡ ಉಚ್ಚಾರಣಾ ಪರೀಕ್ಷೆಯು ಪ್ರಕಟವಾಯಿತು. 1980ರಲ್ಲಿ ಡಾ. ಪ್ರತಿಭಾ ಕಾರಂತ ಅವರು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧವು ಅಫೇಸಿಯಾ ಮತ್ತು ಸ್ಕಿಜೋಫ್ರೇನಿಯಾ ಇರುವವರ ಭಾಷೆಯ ತುಲನೆಯಾಗಿತ್ತು. ಈ ಕಾರ್ಯದಿಂದ ಬಂದ ‘ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್’ ಧ್ವನಿ, ವಾಕ್ಯರಚನೆ ಮತ್ತು ಅರ್ಥ ಎಂಬ ಮೂರು ಭಾಗಗಳಲ್ಲಿ ಕನ್ನಡ ಭಾಷಾ ಸಾಮರ್ಥ್ಯವನ್ನು ಅಳೆಯುತ್ತದೆ. ನಂತರದ ಸಂಶೋಧನೆಯಲ್ಲಿ ಶಾಲಾ ಮಕ್ಕಳಿಗೂ ಇದರ ಮಾನಕ ಅಂಕಗಳನ್ನು ಸಿದ್ಧಪಡಿಸಲಾಯಿತು.

ಶ್ರವಣ ಪರೀಕ್ಷೆಯಲ್ಲಿಯೂ ಇದೇ ಅಗತ್ಯವಿದೆ. ರೋಗಿಗೆ ಪದಗಳನ್ನು ಕೇಳಿಸಿ ಮರುನುಡಿಸುವಾಗ ಇಂಗ್ಲಿಷಿನಲ್ಲಿ ಏಕಾಕ್ಷರ ಪದಗಳನ್ನು ಬಳಸುತ್ತಾರೆ. ಕನ್ನಡದಲ್ಲಿ ಅಂತಹ ಪದಗಳು ವಿರಳವಾದುದರಿಂದ ಎರಡಕ್ಷರದ ಪದಗಳ ಪಟ್ಟಿಯನ್ನು 2005ರಲ್ಲಿ ಮೈಸೂರಿನ ಸಂಸ್ಥೆಯಲ್ಲಿ ಸಿದ್ಧಪಡಿಸಲಾಯಿತು. ಕೆನಡಾದ ಆಂಡ್ರ್ಯೂ ಕರ್ಟೆಸ್ ಅವರು ರೂಪಿಸಿದ ‘ವೆಸ್ಟರ್ನ್ ಅಫೇಸಿಯಾ ಬ್ಯಾಟರಿ’ಯನ್ನೂ ಇದೇ ಸಂಸ್ಥೆಯಲ್ಲಿ ಕನ್ನಡಕ್ಕೆ ಅಳವಡಿಸಲಾಗಿದೆ.

5. ಸಂಶೋಧನೆ ನಡೆಯುವ ಕ್ರಮ

ಮೊದಲಿಗೆ ವಿದ್ಯಾರ್ಥಿಯು ಮಾರ್ಗದರ್ಶಕರ ಸಹಾಯದಿಂದ ವಿಷಯವನ್ನು ಆಯ್ಕೆ ಮಾಡಿ ನೈತಿಕ ಸಮಿತಿಯ ಅನುಮೋದನೆ ಪಡೆಯತಕ್ಕದ್ದು. ನಂತರ ಪದ, ಚಿತ್ರ ಅಥವಾ ವಾಕ್ಯಗಳ ಪಟ್ಟಿಯನ್ನು ಸಿದ್ಧಪಡಿಸಿ, ಅದು ಬಳಕೆಗೆ ಯೋಗ್ಯವೇ ಎಂದು ತಜ್ಞರಿಂದ ಪರಿಶೀಲಿಸಲಾಗುತ್ತದೆ. ತದನಂತರ ಯಾವುದೇ ದೋಷವಿಲ್ಲದ ವ್ಯಕ್ತಿಗಳಿಗೆ ವಯೋಮಾನದ ಗುಂಪುಗಳಲ್ಲಿ ಪರೀಕ್ಷೆ ನಡೆಸಿ, ಪ್ರತಿ ಗುಂಪಿನ ಸರಾಸರಿ ಅಂಕವನ್ನೂ ಅದರ ಏರಿಳಿತವನ್ನೂ ಲೆಕ್ಕ ಹಾಕಲಾಗುತ್ತದೆ. ಇದನ್ನೇ ಮಾನಕ ಎನ್ನುತ್ತಾರೆ. ಕೊನೆಯದಾಗಿ ದೋಷವಿರುವವರಿಗೆ ಅದೇ ಪರೀಕ್ಷೆ ನೀಡಿ, ಇಬ್ಬರ ನಡುವಿನ ಅಂತರವನ್ನು ಅದು ತೋರಿಸುತ್ತದೆಯೇ ಎಂದು ನೋಡಲಾಗುತ್ತದೆ. ದೋಷವಿಲ್ಲದವರ ಅಂಕಗಳಿಲ್ಲದೆ ದೋಷವನ್ನು ಗುರುತಿಸಲು ಸಾಧ್ಯವಿಲ್ಲದಿರುವುದರಿಂದ ಸಾಮಾನ್ಯ ಶಾಲೆಗಳ ಹಾಗೂ ಸಾಮಾನ್ಯ ನಾಗರಿಕರ ಸಹಕಾರವು ಅತ್ಯಗತ್ಯವಾಗಿದೆ.

ಎರಡು ವರ್ಷದ ಪದವಿಯೊಳಗೆ ಮುಗಿಯಬೇಕಾದ ಪ್ರಬಂಧಕ್ಕೆ ಮಿತಿಗಳೂ ಇರುತ್ತವೆ. ಒಂದೇ ನಗರದ, ಒಂದೇ ಆಡುಮಾತಿನ ಕೆಲವೇ ಮಂದಿಯಿಂದ ಪಡೆದ ಮಾನಕವನ್ನು ಕಲಬುರಗಿ ಅಥವಾ ಧಾರವಾಡದ ಮಗುವಿಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ತುಳು, ಕೊಂಕಣಿ, ಕೊಡವ, ಉರ್ದು, ಲಂಬಾಣಿ ಮುಂತಾದ ಮನೆಮಾತಿನ ಮಕ್ಕಳಿಗೆ ಕನ್ನಡದ ಮಾನಕವೂ ಪೂರ್ಣವಾಗಿ ಹೊಂದುವುದಿಲ್ಲ. ಆದ್ದರಿಂದ ಪರೀಕ್ಷೆಗೆ ಬಂದವರು ತಮ್ಮ ಮನೆಮಾತು ಹಾಗೂ ಊರನ್ನು ತಜ್ಞರಿಗೆ ತಪ್ಪದೆ ತಿಳಿಸಬೇಕು.

6. ಕಾನೂನು ಮತ್ತು ಪ್ರಮಾಣ ಪತ್ರ

1995ರ ಅಧಿನಿಯಮದಲ್ಲಿ 7 ಬಗೆಯ ವಿಕಲತೆಗಳನ್ನು ಮಾತ್ರ ಸೇರಿಸಲಾಗಿದ್ದು, ವಾಕ್ ಮತ್ತು ಭಾಷಾ ವಿಕಲತೆಯು ಅದರಲ್ಲಿ ಇರಲಿಲ್ಲ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ಈ ಸಂಖ್ಯೆಯನ್ನು 21ಕ್ಕೆ ಹೆಚ್ಚಿಸಲಾಗಿದ್ದು, ಗಂಟಲಿನ ಧ್ವನಿಪೆಟ್ಟಿಗೆಯನ್ನು ತೆಗೆದುಹಾಕುವ ಶಸ್ತ್ರಚಿಕಿತ್ಸೆ ಅಥವಾ ಅಫೇಸಿಯಾದಂತಹ ಕಾರಣಗಳಿಂದ ಉಂಟಾಗುವ ಶಾಶ್ವತ ವಾಕ್ ಮತ್ತು ಭಾಷಾ ವಿಕಲತೆಯನ್ನೂ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಲಾಗಿದೆ. ಈ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಿರುತ್ತದೆ. ಮೀಸಲಾತಿಯಂತಹ ಸೌಲಭ್ಯಗಳಿಗೆ ಶೇಕಡ 40ಕ್ಕಿಂತ ಕಡಿಮೆ ಇಲ್ಲದ ವಿಕಲತೆ ಇರಬೇಕಾಗುತ್ತದೆ.

ಶೇಕಡಾವಾರು ಪ್ರಮಾಣವು ಪರೀಕ್ಷೆಯ ಅಂಕವನ್ನು ಅವಲಂಬಿಸಿದೆ. ಭಾರತ ಸರ್ಕಾರದ 2018ರ ಮಾರ್ಗಸೂಚಿಗಳು ಅಫೇಸಿಯಾಕ್ಕೆ ಮೇಲ್ಕಂಡ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಅಂಕವನ್ನು ಆಧಾರವಾಗಿಸಿದವು. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಕನ್ನಡಿಗನೊಬ್ಬನು ತನ್ನದಲ್ಲದ ಭಾಷೆಯ ಪ್ರಶ್ನೆಗಳಿಗೆ ಉತ್ತರಿಸಬೇಕಾದಲ್ಲಿ ಬರುವ ಅಂಕವು ಆತನ ರೋಗವನ್ನು ತೋರಿಸುವುದಿಲ್ಲ. ಆತನಿಗೆ ಆ ಭಾಷೆ ಎಷ್ಟು ಬರುತ್ತದೆ ಎಂಬುದನ್ನು ತೋರಿಸುತ್ತದೆ. ಗ್ರಂಥಾಲಯದಲ್ಲಿರುವ ಪ್ರಬಂಧವೊಂದು ನಾಗರಿಕನ ಹಕ್ಕಿನ ಪ್ರಶ್ನೆಯಾಗುವುದು ಈ ಕಾರಣದಿಂದ.

7. ಪೋಷಕರು ಗಮನಿಸಬೇಕಾದ ಅಂಶಗಳು

- ನವಜಾತ ಶಿಶುವಿನ ಶ್ರವಣ ತಪಾಸಣೆಯನ್ನು ಒಂದು ತಿಂಗಳೊಳಗೆ, ದೋಷದ ಖಚಿತ ನಿರ್ಣಯವನ್ನು ಮೂರು ತಿಂಗಳೊಳಗೆ ಹಾಗೂ ಚಿಕಿತ್ಸೆಯ ಆರಂಭವನ್ನು ಆರು ತಿಂಗಳೊಳಗೆ ಮಾಡುವುದು ಸೂಕ್ತ.
- ಒಂದೂವರೆ ವರ್ಷವಾದರೂ ಒಂದು ಪದವನ್ನೂ ಆಡದಿದ್ದಲ್ಲಿ, ಎರಡು ವರ್ಷ ತುಂಬಿದರೂ ಎರಡು ಪದಗಳನ್ನು ಜೋಡಿಸದಿದ್ದಲ್ಲಿ, ಅಥವಾ ಬರುತ್ತಿದ್ದ ಮಾತು ನಿಂತುಹೋದಲ್ಲಿ ತಕ್ಷಣ ತಪಾಸಣೆ ಮಾಡಿಸಬೇಕು.
- ‘ಗಂಡು ಮಕ್ಕಳಿಗೆ ಮಾತು ತಡ’, ‘ನಾಲಿಗೆ ದಪ್ಪವಾಗಿದೆ’ ಎಂಬ ಮಾತುಗಳನ್ನು ನಂಬಿ ಕಾಯುವುದು ಅಥವಾ ನಾಲಿಗೆಗೆ ಬಜೆ ತೇಯ್ದು ಹಚ್ಚಿ ಸುಮ್ಮನಾಗುವುದು ಸಲ್ಲದು.
- ಮಾತಿನ ಯಾವುದೇ ತೊಂದರೆಗೆ ಮೊದಲು ಶ್ರವಣ ಪರೀಕ್ಷೆ ಮಾಡಿಸಬೇಕು.
- 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಶ್ರವಣ ದೋಷ ಹಾಗೂ ಭಾಷಾ ವಿಳಂಬಕ್ಕೂ ತಪಾಸಣೆ ಮಾಡಲಾಗುತ್ತದೆ.

8. ಸಂಶೋಧನೆಯಲ್ಲಿ ಭಾಗವಹಿಸುವವರ ಹಕ್ಕುಗಳು

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಗಳ ಅನ್ವಯ ಭಾಗವಹಿಸುವ ವ್ಯಕ್ತಿಗೆ ಅಧ್ಯಯನದ ಉದ್ದೇಶವನ್ನು ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕಾಗುತ್ತದೆ. ಮಕ್ಕಳ ವಿಷಯದಲ್ಲಿ ಪೋಷಕರ ಒಪ್ಪಿಗೆಯೊಂದಿಗೆ, 7 ವರ್ಷ ಮೇಲ್ಪಟ್ಟ ಮಗುವಿನ ಸಮ್ಮತಿಯೂ ಅಗತ್ಯ. ಯಾವ ಹಂತದಲ್ಲಿಯಾದರೂ ಹಿಂದೆ ಸರಿಯಬಹುದಾಗಿದ್ದು, ಇದರಿಂದ ಚಿಕಿತ್ಸೆಗೆ ಯಾವುದೇ ಬಾಧಕವಿರುವುದಿಲ್ಲ. ಭಾಗವಹಿಸಿದವರ ಹೆಸರು ಮತ್ತು ವಿವರಗಳನ್ನು ಗೌಪ್ಯವಾಗಿಡತಕ್ಕದ್ದು.

ಶಾಲಾ ಮುಖ್ಯೋಪಾಧ್ಯಾಯರು ಹಾಗೂ ಪೋಷಕರು ಒಪ್ಪಿಗೆ ಪತ್ರವನ್ನು ಪೂರ್ಣವಾಗಿ ಓದಿ, ನೈತಿಕ ಸಮಿತಿಯ ಅನುಮೋದನೆ ಇರುವುದನ್ನು ಖಚಿತಪಡಿಸಿಕೊಂಡು ಇಂತಹ ಅಧ್ಯಯನಗಳಿಗೆ ಸಹಕರಿಸಬೇಕಾಗಿ ಕೋರಲಾಗಿದೆ. ಮಾತಿನ ಅಥವಾ ಶ್ರವಣದ ತೊಂದರೆ ಇರುವವರು ವಿಳಂಬ ಮಾಡದೆ ಸಮೀಪದ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಿ ಲಭ್ಯವಿರುವ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಬಹುದಾಗಿದೆ.