ಪರಸ್ಥಳಕ್ಕೆ ಹೋದವರ ಮನೆ

ರೈಲುಮಾರ್ಗವಿನ್ನೂ ಬಾರದಿದ್ದ ಕಾಲದಲ್ಲಿ ಕಾಶೀಯಾತ್ರೆಗೆ ಹೊರಟ ಕನ್ನಡನಾಡಿನ ಗೃಹಸ್ಥನು ಮರಳಿ ತನ್ನ ಹೊಸ್ತಿಲನ್ನು ತುಳಿಯುವುದಕ್ಕೆ ಎಷ್ಟೋ ತಿಂಗಳುಗಳು ಹಿಡಿಯುತ್ತಿದ್ದುವು. ಅಷ್ಟು ಕಾಲ ಅವನ ಮನೆಯನ್ನು ಕಾದುದು ಯಾವುದೆಂದರೆ ಕದವೆಂದೂ ಅಗುಳಿಯೆಂದೂ ಉತ್ತರಿಸುವುದು ಸುಲಭ. ಆದರೆ ಅಗುಳಿಯು ಒಳಗಿನಿಂದ ಹಾಕತಕ್ಕದ್ದಾದುದರಿಂದ, ಒಳಗೆ ಮನುಷ್ಯರಿಲ್ಲದ ಮನೆಗೆ ಅದರ ಬಲ ಅಷ್ಟಕ್ಕಷ್ಟೆ. ನಮ್ಮ ಹಿರಿಯರು ತಮ್ಮ ಮನೆಗಳನ್ನು ಕಬ್ಬಿಣಕ್ಕಿಂತ ಮಿಗಿಲಾಗಿ ನೆರೆಹೊರೆಗೇ ಒಪ್ಪಿಸಿ ಹೋಗುತ್ತಿದ್ದರೆಂಬುದು ನನ್ನ ದೃಢವಾದ ಅಭಿಪ್ರಾಯ.

ಬಯಲುಸೀಮೆಯಲ್ಲಿ ಮನೆಯ ಮುಖ್ಯ ಸಂಪತ್ತಾದ ಧಾನ್ಯವು ಹಗೇವಿನಲ್ಲಿ ಭೂಗತವಾಗಿರುತ್ತಿದ್ದಿತು. ಬಾಯಿಗೆ ಚಪ್ಪಡಿಯನ್ನಿಟ್ಟು ಮಣ್ಣು ಮುಚ್ಚಿದ ಆ ನೆಲಗುಳಿಯಲ್ಲಿ ವಿಷವಾಯು ಕಟ್ಟಿಕೊಳ್ಳುತ್ತಿದ್ದುದರಿಂದ, ಅದನ್ನು ಕೆಲಹೊತ್ತು ತೆರೆದಿಟ್ಟು ಗಾಳಿಯಾಡಲು ಬಿಡದೆ ಇಳಿದವನ ಪ್ರಾಣಕ್ಕೇ ಸಂಚಕಾರವಿದ್ದಿತು; ಅವಸರದ ಕಳ್ಳನಿಗೆ ಇದಕ್ಕಿಂತ ದೊಡ್ಡ ಅಡ್ಡಿ ಬೇರೊಂದಿಲ್ಲ. ಒಡವೆಗಳನ್ನು ಗಡಿಗೆಯಲ್ಲಿಟ್ಟು ಹೂಳುವವರೂ ಇದ್ದರು. ಹೂಳಿದವರು ಹಿಂದಿರುಗದಿದ್ದಾಗ ಅದು ನಿಧಿಯಾಯಿತು. ಹತ್ತು ರೂಪಾಯಿಗೆ ಮೀರಿದ ನಿಧಿ ದೊರೆತರೆ ಸರ್ಕಾರಕ್ಕೆ ತಿಳಿಸಬೇಕೆಂದು 1878ರಲ್ಲಿ ಶಾಸನವೇ ಆಯಿತು.

ಹೂಳಲೊಲ್ಲದವರು ನಂಬಿಕೆಯುಳ್ಳವರ ವಶಕ್ಕೆ ಕೊಟ್ಟು ಹೊರಡುತ್ತಿದ್ದರು. ಈ ವ್ಯವಹಾರದ ಧರ್ಮವನ್ನು ನಮ್ಮ ನೆಲದಲ್ಲಿಯೇ ವಿಸ್ತಾರವಾಗಿ ವಿವೇಚಿಸಿದವನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ. ಪೆಟ್ಟಿಗೆಯೊಳಗೆ ಏನಿದೆಯೆಂದು ಹೇಳದೆ ಮುಚ್ಚಿ ಕೊಟ್ಟ ವಸ್ತುವನ್ನು ಕೊಟ್ಟಂತೆಯೇ ಹಿಂದಿರುಗಿಸಬೇಕೆಂದೂ, ರಾಜನಿಂದಾಗಲಿ ದೈವದಿಂದಾಗಲಿ ಕಳ್ಳರಿಂದಾಗಲಿ ಅದು ನಷ್ಟವಾದರೆ ಇಟ್ಟುಕೊಂಡವನು ಹೊಣೆಯಲ್ಲವೆಂದೂ, ಅದನ್ನು ಸ್ವೇಚ್ಛೆಯಿಂದ ಬಳಸಿ ಜೀವಿಸಿದವನು ದಂಡಾರ್ಹನಾಗುವುದಲ್ಲದೆ ವೃದ್ಧಿಸಹಿತವಾಗಿ ಕೊಡತಕ್ಕವನೆಂದೂ ಆ ಸ್ಮೃತಿಯ ವಿಧಿ. ಕಳವಿನ ವಿಷಯದಲ್ಲಿ ಅದು ಇನ್ನೂ ಕಠಿಣ: ತನ್ನ ಎಲ್ಲೆಯೊಳಗೆ ಕಳವಾದರೆ ಆ ಗ್ರಾಮವು, ಹೆಜ್ಜೆಯ ಜಾಡು ಬೇರೊಂದು ಗ್ರಾಮವನ್ನು ಹೊಕ್ಕಿದ್ದರೆ ಆ ಗ್ರಾಮವು ನಷ್ಟವನ್ನು ತುಂಬಿಕೊಡಬೇಕು.

ಆ ಜಾಡನ್ನು ಹಿಡಿಯುವ ಕೆಲಸ ನಮ್ಮ ಹಳ್ಳಿಗಳಲ್ಲಿ ತಳವಾರನದು. ಗೌಡ, ಶಾನುಭೋಗ, ನೀರುಗಂಟಿ ಮೊದಲಾದ ಆಯಗಾರರೊಡನೆ ಅವನಿಗೂ ಸುಗ್ಗಿಯ ಕಣದಲ್ಲಿ ಆಯ ಸಲ್ಲುತ್ತಿದ್ದಿತು. ಊರಿಗೆ ಬಂದ ಅಪರಿಚಿತನಾರು, ಯಾರ ಮನೆಗೆ ಬೀಗ ಬಿದ್ದಿದೆ ಎಂಬುದೆಲ್ಲ ಅವನಿಗೆ ತಿಳಿದಿರಬೇಕಾಗಿದ್ದಿತು. ದಕ್ಷಿಣದ ಕೆಲವು ಸೀಮೆಗಳಲ್ಲಿ ಕಳುವಾದುದರ ಬೆಲೆಯನ್ನು ಕಾವಲುಗಾರನಿಂದಲೇ ವಸೂಲು ಮಾಡುವ ಪದ್ಧತಿಯಿದ್ದುದು ಅವನ ಮೇಲೆ ಎಷ್ಟು ಭಾರ ಬಿದ್ದಿತ್ತೆಂಬುದನ್ನು ತೋರಿಸುತ್ತದೆ.

ಗೃಹಿಣಿಯರ ಉಪಾಯ ಇವೆಲ್ಲಕ್ಕಿಂತ ಸರಳವಾದುದು. ಬೆಳಗಾದರೆ ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿಯಿಡುವ ನಾಡಿನಲ್ಲಿ, ರಂಗೋಲಿಯಿಲ್ಲದ ಅಂಗಳವು ಸೂತಕವನ್ನೋ ಶೂನ್ಯವನ್ನೋ ಬೀದಿಗೆಲ್ಲ ಸಾರಿ ಹೇಳುತ್ತದೆ. ಆದುದರಿಂದ ಊರಿಗೆ ಹೊರಟವಳು ನೆರೆಮನೆಯವಳಿಗೆ, “ಅಕ್ಕಾ, ನಾವು ಬರೋವರೆಗೂ ನಮ್ಮ ಬಾಗಿಲಿಗೂ ಒಂದು ಎಳೆ ಎಳೆದುಬಿಡಿ” ಎಂದು ಹೇಳಿ ಹೋಗುವಳು. ಸಂಜೆ ದೀಪ ಹಚ್ಚುವುದಕ್ಕೂ, ತುಳಸಿಗೆ ನೀರೆರೆಯುವುದಕ್ಕೂ, ರಾತ್ರಿ ಜಗಲಿಯ ಮೇಲೆ ಮಲಗುವುದಕ್ಕೂ ಒಬ್ಬೊಬ್ಬರು ಒದಗುತ್ತಿದ್ದರು.

ಚಿತ್ರದುರ್ಗದ ಕಡೆಯ ಹಳ್ಳಿಗಳ ಹೊರಬೀಡಿನಲ್ಲಿ ಊರಿಗೆ ಊರೇ ಮನೆಗಳನ್ನು ಮುಚ್ಚಿ, ದನಕರುಗಳೊಡನೆ ಹೊಲಗಳಿಗೆ ಹೋಗಿ ಅಡುಗೆ ಮಾಡಿಕೊಂಡು ಉಂಡು, ಸಂಜೆ ಮರಳುತ್ತದೆ. ಅಂದು ಒಂದೊಂದು ಮನೆಯ ಭದ್ರತೆಯ ಚಿಂತೆಯೇ ಇಲ್ಲ. ಊರಬಾಗಿಲಿಗೇ ಮುಳ್ಳಿನ ಬೇಲಿ ಬೀಳುತ್ತದೆ.

ಅರ್ದೇಶಿರ್ ಗೋದ್ರೆಜರು 1897ರಲ್ಲಿ ಮುಂಬಯಿಯಲ್ಲಿ ಬೀಗದ ತಯಾರಿಕೆಯನ್ನು ಆರಂಭಿಸಿದರು; ಒಳ್ಳೆಯ ಬೀಗಗಳು ಬಂದುವು, ಬರಬೇಕಾದುದೇ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಶಾಸನದಿಂದ ತಳವಾರಿಕೆಯೂ ಕೊನೆಗೊಂಡಿತು. ರಜೆಗೆ ಹೊರಡುವ ವಾಚಕರು ಬೀಗವನ್ನು ಎಳೆದು ನೋಡಿದ ಮೇಲೆ ಪಕ್ಕದ ಮನೆಯ ಬಾಗಿಲನ್ನೂ ತಟ್ಟಿ, ಎಂದು ಮರಳುವೆವೆಂದು ತಿಳಿಸಿ ಹೋಗಬೇಕೆಂದು ನನ್ನ ಪ್ರಾರ್ಥನೆ.