ಗುಂಡಿ ತೆಗೆದವನ ಹೆಸರೇನು?

ನಮ್ಮ ಶಿಕಾರಿಪುರ, ಸೊರಬದಲ್ಲಿ ಸತ್ತವರ ಹೆಸರಿಗೆ ಕೊರತೆ ಇಲ್ಲ. ಕೆರೆ ಏರಿ ಮೇಲೆ, ದೇವಸ್ಥಾನದ ಪಕ್ಕದಲ್ಲಿ, ಹೊಲದ ಬದುವಿನಲ್ಲಿ ವೀರಗಲ್ಲುಗಳಿವೆ, ಮಾಸ್ತಿಕಲ್ಲುಗಳಿವೆ. ಸೊರಬ ತಾಲ್ಲೂಕಿನ ಹಿರೇಆವಲಿಯಲ್ಲಿ ಹತ್ತಾರು ನಿಷಿಧಿ ಕಲ್ಲುಗಳಿವೆ. ಜೈನ ಧರ್ಮದವರು ವ್ರತ ಹಿಡಿದು ಪ್ರಾಣ ಬಿಟ್ಟಾಗ ನೆಡುತ್ತಿದ್ದ ಕಲ್ಲು ಅದು.

ಬಿ.ಎಲ್. ರೈಸ್ ಈ ಎರಡು ತಾಲ್ಲೂಕಿನ ಶಾಸನಗಳನ್ನು ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಅಚ್ಚು ಹಾಕಿಸಿದರು. ಶಿಕಾರಿಪುರದ್ದು 7ನೇ ಸಂಪುಟ (1902), ಸೊರಬದ್ದು 8ನೇ ಸಂಪುಟ (1904). ತುರು ಕಾಯಲು ಹೋಗಿ ಸತ್ತವರು, ಊರು ಉಳಿಸಲು ಹೊಡೆದಾಡಿ ಸತ್ತವರು, ಗಂಡನ ಜೊತೆ ಬೆಂಕಿಗೆ ಬಿದ್ದವರು, ಎಲ್ಲರೂ ಅಲ್ಲಿದ್ದಾರೆ. ಸತ್ತ ವೀರನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಹೆಸರೇ ಇತ್ತು.

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಒಂದು ಶಾಸನ ನೋಡಿ. 10ನೇ ಶತಮಾನದ ಆರಂಭದ್ದು, ರಾಷ್ಟ್ರಕೂಟರ ಕಾಲ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ತೀರಿಕೊಂಡಾಗ ಆ ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಆಕೆ ಚೆನ್ನಾಗಿ ಆಡಳಿತ ಮಾಡಿದಳು. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಗೆ ಬಂದು, ಅನ್ನ ನೀರು ಬಿಟ್ಟು ದೇಹ ತ್ಯಜಿಸಿದಳು. ಸಾವಿರ ವರ್ಷ ಕಳೆದರೂ ಆಕೆ ಹೇಗೆ ಸತ್ತಳು ಅನ್ನುವುದು ನಮಗೆ ಗೊತ್ತಿದೆ.

ಇಂಥ ಕಲ್ಲುಗಳಲ್ಲಿ ಸತ್ತವರ ಹೆಸರಿದೆ. ದಾನ ಕೊಟ್ಟವರ ಹೆಸರಿದೆ. ಕೆಲವು ಕಡೆ ಅಕ್ಷರ ಬರೆದವನ, ಕಲ್ಲು ಕೆತ್ತಿದವನ ಹೆಸರೂ ಇದೆ. ಹೆಣ ಸಾಗಿಸಿದವನ, ಸೌದೆ ಜೋಡಿಸಿದವನ, ಗುಂಡಿ ತೆಗೆದವನ ಹೆಸರು ಸಿಗುವುದು ಕಷ್ಟ. ಈ ಬರಹ ಅವರ ಬಗ್ಗೆ.

ಊರಿನ ಕುಳವಾಡಿ

ಈಗ ಪಟ್ಟಣಗಳಲ್ಲಿ ಸಾವಿನ ಕೆಲಸ ನೋಡಿಕೊಳ್ಳಲು ಅಂಗಡಿಗಳೇ ಇವೆ. ಫೋನ್ ಮಾಡಿದರೆ ಫ್ರೀಜರ್ ಬಾಕ್ಸ್, ಚಟ್ಟ, ಹೂವು, ಗಾಡಿ ಎಲ್ಲ ಬರುತ್ತದೆ, ಬಿಲ್ಲೂ ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಆ ಕೆಲಸಕ್ಕೆ ಅಂಗಡಿ ಇರಲಿಲ್ಲ, ಒಬ್ಬ ಮನುಷ್ಯ ಇದ್ದ. ಕೆಲವು ಊರಲ್ಲಿ ಕುಳವಾಡಿ, ಕೆಲವು ಊರಲ್ಲಿ ತೋಟಿ ಅಥವಾ ತಳವಾರ. ಕುಳವಾಡಿ ದಲಿತ ಕೇರಿಯವನು, ತಂದೆ ಮಾಡುತ್ತಿದ್ದ ಕೆಲಸವನ್ನು ಮಗ ಮಾಡಬೇಕಿತ್ತು.

ಸಾವಾದರೆ ಮೊದಲು ಅವನಿಗೆ ಹೇಳಿ ಕಳಿಸುತ್ತಿದ್ದರು. ನೆಂಟರ ಊರುಗಳಿಗೆ ನಡೆದುಕೊಂಡು ಹೋಗಿ ಸುದ್ದಿ ಮುಟ್ಟಿಸುವುದು ಅವನ ಕೆಲಸ. ಸುಡುವವರಿಗೆ ಸೌದೆ ಹೊರಬೇಕು, ಹೂಳುವವರಿಗೆ ಗುಂಡಿ ತೆಗೆಯಬೇಕು. ಲಿಂಗಾಯತರಲ್ಲಿ ಹೆಣವನ್ನು ವಿಮಾನದಲ್ಲಿ ಕೂರಿಸಿ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಅದರ ಮುಂದೆ ಗಂಟೆ ಬಟ್ಟಲು ಹಿಡಿದು ನಡೆಯುವವನು ಚಲವಾದಿ, ಅವನೂ ಅದೇ ಕೇರಿಯವನು. ಹಲಗೆ ಬಡಿಯುವುದು ಇನ್ನೊಂದು ದಲಿತ ಕೇರಿಯ ಪಾಲಿಗೆ ಬಂದಿತ್ತು.

ಇಷ್ಟೆಲ್ಲ ಮಾಡುವವನನ್ನು ಊರು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಆದರೆ ಊರಿನ ಗಡಿ ಯಾವುದು ಅಂತ ಜಗಳ ಬಂದರೆ ಅವನ ಮಾತೇ ಕೊನೆ. ಮೈಸೂರು ಸೀಮೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳು 19ನೇ ಶತಮಾನದಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಊರಿನ ಮಣ್ಣನ್ನು ಉಂಡೆ ಮಾಡಿ ಕುಳವಾಡಿಯ ತಲೆ ಮೇಲೆ ಇಡುತ್ತಿದ್ದರಂತೆ. ಅವನು ನಡೆದ ದಾರಿಯೇ ಗಡಿ. ತಪ್ಪಿ ನಡೆದರೆ ಉಂಡೆ ಒಡೆಯುತ್ತದೆ ಅನ್ನುವ ನಂಬಿಕೆ. ಊರಿನ ನೆಲ ಯಾವುದು ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನಿಗೆ ಊರೊಳಗೆ ಜಾಗ ಇರಲಿಲ್ಲ!

ಹರಿಶ್ಚಂದ್ರನ ಪರೀಕ್ಷೆ

ಸ್ಮಶಾನ ಕಾಯುವವನ ಕಥೆ ನಮಗೆಲ್ಲ ಗೊತ್ತು. ರಾಘವಾಂಕ ಬರೆದ ಹರಿಶ್ಚಂದ್ರನ ಕಥೆ ನಾಟಕ, ಯಕ್ಷಗಾನ, ಹರಿಕಥೆ ಎಲ್ಲದರಲ್ಲೂ ಬಂತು. 1965ರಲ್ಲಿ ಹುಣಸೂರು ಕೃಷ್ಣಮೂರ್ತಿ ಸಿನಿಮಾ ಮಾಡಿದರು. ರಾಜ್‌ಕುಮಾರ್ ಹರಿಶ್ಚಂದ್ರ, ಎಂ.ಪಿ. ಶಂಕರ್ ವೀರಬಾಹು. ಸತ್ತ ಮಗನನ್ನು ಹೊತ್ತು ಬಂದ ಸ್ವಂತ ಹೆಂಡತಿಗೇ ಸುಡುವ ನೆಲದ ತೆರಿಗೆ ಕೊಡು ಎಂದು ಅವನು ಕೇಳುವ ಜಾಗದಲ್ಲಿ ಅಳದವರು ಕಡಿಮೆ.

ನಾವು ಅತ್ತಿದ್ದು ರಾಜನಿಗಾಗಿ. ಸ್ಮಶಾನದ ಕೆಲಸ ರಾಜನಿಗೆ ಒಂದು ಪರೀಕ್ಷೆ. ಪರೀಕ್ಷೆ ಮುಗಿದ ಮೇಲೆ ಮಗ ಎದ್ದ, ರಾಜ್ಯ ಬಂತು. ಕುಳವಾಡಿಗೆ ಅದು ಪರೀಕ್ಷೆ ಅಲ್ಲ, ಅವನ ಬದುಕು. ಅವನ ಮಗನೂ ಅದನ್ನೇ ಮಾಡಬೇಕಿತ್ತು.

2022ರಲ್ಲಿ ರಾಜ್ಯ ಸರ್ಕಾರ ಚಿತಾಗಾರದ ನೌಕರರನ್ನು ‘ಸತ್ಯ ಹರಿಶ್ಚಂದ್ರ ಬಳಗ’ ಎಂದು ಕರೆಯುವುದಾಗಿ ಹೇಳಿತು. ಹೆಸರು ಚೆನ್ನಾಗಿದೆ. ಅದು ಕೂಡ ರಾಜನ ಹೆಸರೇ.

ಕಾನೂನು ಬಂತು, ಪದ್ಧತಿ ಹೋಯಿತಾ?

ತಲೆಮಾರಿನಿಂದ ಬಂದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ನಮ್ಮ ರಾಜ್ಯದಲ್ಲಿ 1961ರಲ್ಲಿ ಆಯಿತು, 1963ರಲ್ಲಿ ಜಾರಿಗೆ ಬಂತು. ಶಾನುಭೋಗ, ಪಟೇಲರ ಹುದ್ದೆಗಳ ಜೊತೆಗೆ ತಳವಾರ, ತೋಟಿಯಂಥ ಹುದ್ದೆಗಳೂ ಹೋದವು. ಹುದ್ದೆಗೆ ಸೇರಿದ ಇನಾಂ ಜಮೀನನ್ನು ಅದೇ ಮನೆಯವರಿಗೆ ಮರುಮಂಜೂರು ಮಾಡುವ ಅವಕಾಶವೂ ಕಾಯ್ದೆಯಲ್ಲಿತ್ತು. ಹುದ್ದೆ ಹೋದರೂ ‘ನಿಮ್ಮಪ್ಪ ಮಾಡ್ತಿದ್ದ, ನೀನೂ ಮಾಡು’ ಅನ್ನುವ ಮಾತು ಹೋಗಲಿಲ್ಲ.

ಆ ಮಾತಿಗೆ ‘ಆಗಲ್ಲ’ ಎಂದು ಹೇಳುವ ಧೈರ್ಯ ಬಂದಿದ್ದು ಚಳವಳಿಯಿಂದ. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ನಮ್ಮ ಜಿಲ್ಲೆಯ ಭದ್ರಾವತಿಯಲ್ಲೇ, 1970ರ ದಶಕದಲ್ಲಿ, ಪ್ರೊ. ಬಿ. ಕೃಷ್ಣಪ್ಪನವರ ನಾಯಕತ್ವದಲ್ಲಿ. ಹಲಗೆ ಬಡಿಯುವುದಿಲ್ಲ, ಸತ್ತ ದನ ಹೊರುವುದಿಲ್ಲ ಎಂದು ಎಷ್ಟೋ ಊರುಗಳಲ್ಲಿ ಹುಡುಗರು ನಿಂತರು. ಇದೆಲ್ಲ ಅನಾದಿ ಕಾಲದ ಪದ್ಧತಿ, ಬದಲಾಗಲ್ಲ ಅನ್ನುವವರು ಸೊರಬದ ಚಂದ್ರಗುತ್ತಿಯನ್ನು ನೆನಪಿಸಿಕೊಳ್ಳಬಹುದು. ಅಲ್ಲಿನ ಬೆತ್ತಲೆ ಸೇವೆಯನ್ನೂ ಅನಾದಿ ಎನ್ನುತ್ತಿದ್ದರು. 1986ರಲ್ಲಿ ದೊಡ್ಡ ಗಲಾಟೆಯೇ ಆಯಿತು, ಸರ್ಕಾರ ನಿಷೇಧ ಹಾಕಿತು. ದೇವಿ ಅಲ್ಲೇ ಇದ್ದಾಳೆ, ಜಾತ್ರೆಯೂ ನಡೆಯುತ್ತಿದೆ.

ಇನ್ನೊಂದು ಕಾನೂನು ಎಲ್ಲರಿಗೂ ಗೊತ್ತಿರಬೇಕು. ಪರಿಶಿಷ್ಟ ಜಾತಿ, ಪಂಗಡದ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯಿತು, 2016ರ ಜನವರಿಯಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಪರಿಶಿಷ್ಟರಿಂದ ಹೆಣ ಹೊರಿಸುವುದು, ಸತ್ತ ಪ್ರಾಣಿ ಸಾಗಿಸುವ ಕೆಲಸಕ್ಕೆ ಹಚ್ಚುವುದು, ಗುಂಡಿ ತೋಡಿಸುವುದು ಅಪರಾಧ. ‘ಪದ್ಧತಿ ಕಣಪ್ಪಾ’ ಅಂದರೆ ಪೊಲೀಸರ ಮುಂದೆ ನಡೆಯುವುದಿಲ್ಲ.

ಈಗ ಯಾರು ಮಾಡುತ್ತಾರೆ?

ಸಾವಿನ ಸುದ್ದಿಯನ್ನು ಈಗ ವಾಟ್ಸಾಪ್ ಮುಟ್ಟಿಸುತ್ತದೆ. ಗುಂಡಿಯನ್ನು ಎಷ್ಟೋ ಕಡೆ ಜೆಸಿಬಿ ತೆಗೆಯುತ್ತದೆ. ಆದರೆ ಯಂತ್ರದಿಂದ ಎಲ್ಲ ಆಗುವುದಿಲ್ಲ ಅಂತ ಕೊರೊನಾ ತೋರಿಸಿತು. ಮನೆಯವರೇ ಹತ್ತಿರ ಬರಲು ಹೆದರಿದಾಗ ಕೂಲಿಯವರು, ಸ್ವಯಂಸೇವಕರು ಮುಂದೆ ಬಂದರು. 2021ರ ಜೂನ್‌ನಲ್ಲಿ, ಯಾರೂ ತೆಗೆದುಕೊಂಡು ಹೋಗದ 500ಕ್ಕೂ ಹೆಚ್ಚು ಜನರ ಚಿತಾಭಸ್ಮವನ್ನು ಆಗಿನ ಕಂದಾಯ ಸಚಿವ ಆರ್. ಅಶೋಕ ಮಂಡ್ಯ ಜಿಲ್ಲೆಯ ಬೆಳಕವಾಡಿ ಬಳಿ ಕಾವೇರಿಯಲ್ಲಿ ಬಿಟ್ಟರು. ಆ ಫೋಟೊ ಎಲ್ಲರೂ ನೋಡಿದೆವು. ಬೂದಿ ಬಾಚಿ, ಗಡಿಗೆಗೆ ತುಂಬಿ, ಚೀಟಿ ಅಂಟಿಸಿದವರ ಫೋಟೊ ಅಷ್ಟು ಓಡಾಡಲಿಲ್ಲ.

ಈ ಕೆಲಸಕ್ಕೆ ಗೌರವ ಸಿಕ್ಕ ಉದಾಹರಣೆಯೂ ಇದೆ. ಅಯೋಧ್ಯೆಯ ಮೊಹಮ್ಮದ್ ಶರೀಫ್ ಸೈಕಲ್ ರಿಪೇರಿ ಮಾಡುವವರು. ಅವರ ಮಗ 1992ರಲ್ಲಿ ಕೊಲೆಯಾಗಿ, ಹೆಣ ಅನಾಥ ಹೆಣವಾಗಿ ಹೋಯಿತು. ಅವತ್ತಿನಿಂದ ಅವರು ಯಾವ ಧರ್ಮದ ಅನಾಥ ಹೆಣವಾದರೂ ಆ ಧರ್ಮದ ಪ್ರಕಾರವೇ ಕೊನೆಯ ಕೆಲಸ ಮಾಡುತ್ತ ಬಂದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಅವರು ಇದನ್ನು ಮಾಡಿದ್ದು ಯಾರೋ ಹೊರಿಸಿದ್ದಕ್ಕಲ್ಲ, ತಾವೇ ಆರಿಸಿಕೊಂಡು. ಕುಳವಾಡಿಗೆ ನಾವು ಕೊಡದೇ ಹೋಗಿದ್ದು ಆ ಆಯ್ಕೆಯನ್ನು.

ನಮ್ಮ ಪಂಚಾಯಿತಿಯಲ್ಲಿ ಮಾಡಬಹುದಾದ್ದು

ಮೊದಲನೆಯದು ಜಾಗ. ಸ್ಮಶಾನ ಇಲ್ಲದ ಹಳ್ಳಿಗಳಿಗೆ ಆರು ತಿಂಗಳಲ್ಲಿ ಭೂಮಿ ಒದಗಿಸಿ ಎಂದು ಹೈಕೋರ್ಟ್ 2019ರಲ್ಲೇ ಸರ್ಕಾರಕ್ಕೆ ಹೇಳಿದೆ. ನಿಮ್ಮ ಊರಿನ ಪಹಣಿಯಲ್ಲಿ ಸ್ಮಶಾನ ಅಂತ ಇದೆಯಾ, ಇದ್ದರೆ ಒತ್ತುವರಿ ಆಗಿದೆಯಾ ನೋಡಿ. ದಲಿತ ಕೇರಿಯವರಿಗೆ ಅಲ್ಲಿಗೆ ದಾರಿ ಇದೆಯಾ ಅನ್ನುವುದನ್ನೂ ಗ್ರಾಮಸಭೆಯಲ್ಲಿ ಕೇಳಿ.

ಎರಡನೆಯದು ಕೂಲಿ. ಗುಂಡಿ ತೆಗೆಯಲು ಯಾರು ಒಪ್ಪುತ್ತಾರೋ ಅವರಿಗೆ, ಯಾವ ಜಾತಿಯವರಾದರೂ, ಮೊದಲೇ ದರ ಮಾತಾಡಿ ಪೂರ್ತಿ ಹಣ ಕೊಡಬೇಕು. ಒಂದು ಕ್ವಾರ್ಟರ್, ಮೇಲೆ ನೂರು ರೂಪಾಯಿ ಅನ್ನುವುದು ಕೂಲಿ ಅಲ್ಲ.

ಮೂರನೆಯದು ದಾಖಲೆ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಸಾವನ್ನು 21 ದಿನದೊಳಗೆ ಬರೆಸಬೇಕು. ಸ್ಮಶಾನ ನೋಡಿಕೊಳ್ಳುವವನೂ ಸಾವಿನ ಮಾಹಿತಿ ಕೊಡಬೇಕಾದವನು ಎಂದು ಆ ಕಾಯ್ದೆಯೇ ಹೇಳುತ್ತದೆ. ಸರ್ಕಾರ ಅವನನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ. ನಾವು ತೆಗೆದುಕೊಂಡಿಲ್ಲ.

ಈಗಲೂ ನಮ್ಮ ಊರುಗಳಲ್ಲಿ ಎಪ್ಪತ್ತು ದಾಟಿದ ಕುಳವಾಡಿ ಮನೆಯ ಹಿರಿಯರು ಇದ್ದಾರೆ. ಯಾವ ಊರಿಗೆ ಎಷ್ಟು ಹೊತ್ತು ನಡೆದು ಸುದ್ದಿ ಮುಟ್ಟಿಸುತ್ತಿದ್ದರು, ಮಳೆಗಾಲದಲ್ಲಿ ಗುಂಡಿಗೆ ನೀರು ನುಗ್ಗಿದರೆ ಏನು ಮಾಡುತ್ತಿದ್ದರು, ಯಾರು ಕೂಲಿ ಕೊಟ್ಟರು, ಯಾರು ಕೊಡಲಿಲ್ಲ ಎಲ್ಲ ಅವರಿಗೆ ನೆನಪಿದೆ. ನಿಮ್ಮ ಕೈಯಲ್ಲಿರುವ ಫೋನಿನಲ್ಲೇ ರೆಕಾರ್ಡ್ ಬಟನ್ ಇದೆ. ಅವರ ಹತ್ತಿರ ಹೋಗಿ ಕೂತುಕೊಳ್ಳಿ. ಮೊದಲು ಹೆಸರು ಕೇಳಿ.