ಕೊಲ್ಲದ ಆಯುಧವೆಂಬ ನಂಬಿಕೆ

ಪೊಲೀಸರ ಕೈಯಲ್ಲಿ ಕೋವಿಗೆ ಬದಲಾಗಿ ಪ್ರಾಣ ತೆಗೆಯದ ಆಯುಧವೊಂದಿದ್ದರೆ ಒಳಿತಲ್ಲವೇ ಎಂದು ಕೇಳಿದರೆ ನೀವು ಹೌದೆಂದೇ ಹೇಳುವಿರಿ. ಟೇಸರ್ ಎಂಬ ವಿದ್ಯುದಾಘಾತದ ಆಯುಧ ಹುಟ್ಟಿದ್ದೂ ಅಂಥ ಸದಾಶಯದಿಂದಲೇ. ವಿಮಾನ ಅಪಹರಣಗಳು ಜನರನ್ನು ಕಂಗೆಡಿಸಿದ್ದ ಕಾಲದಲ್ಲಿ, 1970ರ ದಶಕದಲ್ಲಿ, ಅಮೆರಿಕದ ಭೌತವಿಜ್ಞಾನಿ ಜ್ಯಾಕ್ ಕವರ್ ಇದನ್ನು ರೂಪಿಸಿದರು. ತೆಳುವಾದ ತಂತಿಗಳಿಗೆ ಕಟ್ಟಿದ ಎರಡು ಸಣ್ಣ ಮುಳ್ಳುಗಳು ಹಾರಿ ಮೈಗೆ ನಾಟುತ್ತವೆ. ಅವುಗಳ ಮೂಲಕ ಹರಿಯುವ ವಿದ್ಯುತ್ತಿನಿಂದ ಸ್ನಾಯುಗಳು ಬಿಗಿದು ಮನುಷ್ಯನು ನೆಲಕ್ಕುರುಳುತ್ತಾನೆ. 2000ದ ನಂತರದ ವರ್ಷಗಳಲ್ಲಿ ಈ ಆಯುಧವು ಅನೇಕ ದೇಶಗಳ ಪೊಲೀಸರ ಸೊಂಟಪಟ್ಟಿಯನ್ನು ಸೇರಿತು.

ಅದು ನಿರಪಾಯಕಾರಿ ಎಂಬ ನಂಬಿಕೆಯನ್ನು ಕೆನಡಾದಲ್ಲಿ ಒಂದು ಸಾವು ಅಲುಗಾಡಿಸಿತು. 2007ರ ಅಕ್ಟೋಬರ್ 13ರಂದು ಪೋಲೆಂಡಿನ ರಾಬರ್ಟ್ ಜೆಕಾನ್ಸ್ಕಿ ಎಂಬ 40 ವರ್ಷದ ವ್ಯಕ್ತಿ, ತಾಯಿಯೊಡನೆ ಬಾಳಲೆಂದು ವ್ಯಾಂಕೂವರ್ ವಿಮಾನ ನಿಲ್ದಾಣಕ್ಕೆ ಬಂದಿಳಿದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸುಮಾರು ಹತ್ತು ಗಂಟೆಗಳನ್ನು ಅವರು ನಿಲ್ದಾಣದೊಳಗೇ ಕಳೆದರು. ಹೊರಗೆ ಕಾದಿದ್ದ ತಾಯಿ, ಮಗ ಬಂದಿಲ್ಲವೆಂದೇ ತಿಳಿದು ಊರಿಗೆ ಮರಳಿದ್ದರು. ನಡುರಾತ್ರಿ ಕಳೆದ ಮೇಲೆ ದಿಕ್ಕು ತೋಚದೆ ಅವರು ಸಾಮಾನುಗಳನ್ನು ಎಸೆಯತೊಡಗಿದರು. ನಾಲ್ವರು ಪೊಲೀಸರು ಬಂದ ಅರ್ಧ ನಿಮಿಷದೊಳಗೆ ಟೇಸರ್ ಹಾರಿತು. ಒಟ್ಟು ಐದು ಬಾರಿ ಅದನ್ನು ಪ್ರಯೋಗಿಸಲಾಯಿತು. ಆಗ ಅವರ ಕೈಯಲ್ಲಿದ್ದದ್ದು ಕಾಗದಗಳಿಗೆ ಪಿನ್ನು ಹೊಡೆಯುವ ಒಂದು ಸ್ಟೇಪ್ಲರ್. ಅವರು ಅಲ್ಲಿಯೇ ಪ್ರಾಣಬಿಟ್ಟರು.

ಪ್ರಯಾಣಿಕರೊಬ್ಬರು ಚಿತ್ರೀಕರಿಸಿದ್ದ ದೃಶ್ಯವು ಪೊಲೀಸರ ಹೇಳಿಕೆಗಳೊಡನೆ ತಾಳೆಯಾಗಲಿಲ್ಲ. ನಿವೃತ್ತ ನ್ಯಾಯಾಧೀಶ ಥಾಮಸ್ ಬ್ರೇಡ್‌ವುಡ್ ಅವರ ವಿಚಾರಣಾ ಆಯೋಗವು 2009ರ ವರದಿಯಲ್ಲಿ, ಈ ಆಯುಧವು ಹೃದಯದ ಲಯವನ್ನು ಕೆಡಿಸಿ ಸಾವನ್ನೂ ತರಬಲ್ಲದು ಎಂದು ತಿಳಿಸಿತು. ಜೆಕಾನ್ಸ್ಕಿಯವರ ಮೇಲೆ ಅದನ್ನು ಬಳಸಿದ್ದು ಸಮರ್ಥನೀಯವಲ್ಲವೆಂದು 2010ರ ವರದಿ ಹೇಳಿತು. ಆಯೋಗದ ಮುಂದೆ ಸುಳ್ಳು ಸಾಕ್ಷ್ಯ ನುಡಿದ ಇಬ್ಬರು ಪೊಲೀಸರಿಗೆ ಶಿಕ್ಷೆಯಾಯಿತು; 2017ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವು ಅವರ ಮೇಲ್ಮನವಿಗಳನ್ನು ತಳ್ಳಿಹಾಕಿತು.

ಇಂತಹ ಸಾವುಗಳಿಗೆ ಸತ್ತವರನ್ನೇ ಹೊಣೆಮಾಡುವ ಒಂದು ವಿವರಣೆಯೂ ಬಹುಕಾಲ ಚಲಾವಣೆಯಲ್ಲಿತ್ತು. ಆಯುಧದಿಂದಲ್ಲ, ‘ಉದ್ರಿಕ್ತ ಸನ್ನಿ’ಯಿಂದ ಮನುಷ್ಯ ಸತ್ತನೆಂದು ಹೇಳಲಾಗುತ್ತಿತ್ತು. ಅದನ್ನು ಬೆಂಬಲಿಸಿದ್ದ ತನ್ನ 2009ರ ಪ್ರಬಂಧವನ್ನು ಅಮೆರಿಕದ ತುರ್ತುಚಿಕಿತ್ಸಾ ವೈದ್ಯರ ಸಂಘವು 2023ರಲ್ಲಿ ಹಿಂದೆಗೆದುಕೊಂಡಿತು. ಆದರೆ ಅದರೊಳಗೆ ಎಷ್ಟೋ ಕುಟುಂಬಗಳ ಅಳಲು ಕೇಳುವವರಿಲ್ಲದೆ ಹೋಗಿತ್ತು.

ಕೋವಿಯನ್ನು ಎತ್ತಲೇಬೇಕಾದ ಗಳಿಗೆಯಲ್ಲಿ ಟೇಸರ್ ಜೀವ ಉಳಿಸಬಹುದು. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ವ್ಯಾಂಕೂವರಿನಲ್ಲಿ ಅದು ಕೋವಿಯ ಸ್ಥಾನವನ್ನು ತುಂಬಲಿಲ್ಲ, ತಾಳ್ಮೆಯ ಸ್ಥಾನವನ್ನು ಕಸಿದುಕೊಂಡಿತು. ಅಲ್ಲಿ ಬೇಕಾಗಿದ್ದದ್ದು ಪೋಲಿಷ್ ಭಾಷೆ ಬಲ್ಲ ಒಬ್ಬ ವ್ಯಕ್ತಿ, ಒಂದಿಷ್ಟು ಸಮಯ. ಆಜ್ಞೆ ಅರ್ಥವಾಗದವರು ಎಲ್ಲೆಡೆಯೂ ಇದ್ದಾರೆ: ಭಾಷೆ ಬಾರದ ವಲಸಿಗರು, ಕಿವಿ ಕೇಳಿಸದವರು, ಮನಸ್ಸು ಕದಡಿದವರು. ಕೊಲ್ಲುವುದಿಲ್ಲವೆಂದು ನಂಬಿದ ಆಯುಧವನ್ನು ಎತ್ತಲು ಕೈ ಹಿಂಜರಿಯುವುದಿಲ್ಲ. ಆದುದರಿಂದ ಓದುಗರೇ, ಯಾವುದೇ ಆಯುಧವನ್ನು ನಿರಪಾಯಕಾರಿಯೆಂದು ನಮಗೆ ಪರಿಚಯಿಸಿದಾಗ, ಅದನ್ನು ಯಾರ ಮೇಲೆ, ಎಷ್ಟು ಬೇಗ ಎತ್ತಲಾಗುವುದೆಂದು ಕೇಳುವುದು ನಾಗರಿಕರಾದ ನಮ್ಮೆಲ್ಲರ ಕರ್ತವ್ಯ.